ಮೂರನೇ ಸಲ ಬಂದ ಮಷಿನ್

ಹೊಲಿಗೆ ಮಷಿನ್ ರಿಪೇರಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಈ ಮಾತನ್ನು ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಿಕೊಂಡು ಬಂದಿದ್ದೇನೆ. ಗಿರಾಕಿ ಬಾಯಿ ತೆರೆಯುವ ಮೊದಲೇ ರೋಗ ಏನೆಂದು ಹೇಳಿಬಿಡುತ್ತೇನೆ. ಅವರ ಪುರಾಣವನ್ನೆಲ್ಲ ಕೇಳುತ್ತಾ ಕೂತರೆ ಕೆಲಸ ಆದಂತೆಯೇ!

ಪಕ್ಕದ ಬೀದಿಯ ಟೈಲರಮ್ಮ ಅದೇ ಮಷಿನ್ ಹೊತ್ತುಕೊಂಡು ಮೂರನೇ ಸಲ ಬಂದಾಗ ನನಗೆ ಪಿತ್ತ ನೆತ್ತಿಗೇರಿತು. ಮೊದಲ ಸಲ ಬೆಲ್ಟ್ ಬದಲಾಯಿಸಿದ್ದೆ. ಎರಡನೇ ಸಲ ಮೋಟಾರನ್ನೇ ಬಿಚ್ಚಿ ಜೋಡಿಸಿದ್ದೆ. ನನ್ನ ಅಂಗಡಿಯಲ್ಲಿ ಸರಾಗವಾಗಿ ಓಡುವ ಮಷಿನ್ ಅವರ ಮನೆಗೆ ಹೋದರೆ ಗಡಗಡ ನಡುಗುತ್ತದಂತೆ, ಹೊಲಿಗೆಯೆಲ್ಲ ಅಂಕುಡೊಂಕಂತೆ.

"ನಾಳೆ ಬೆಳಿಗ್ಗೆ ಶಾಲೆಗೆ ನಲವತ್ತು ಯೂನಿಫಾರ್ಮ್ ಕೊಡ್ಬೇಕು. ಇಲ್ದಿದ್ರೆ ಇನ್ಮೇಲೆ ಆರ್ಡರ್ ಬೇರೆಯವರ ಪಾಲು," ಎಂದರು. ಕಣ್ಣಲ್ಲಿ ನೀರಿತ್ತು.

"ಗೊತ್ತಾಯ್ತು ಬಿಡಿ, ಬೇರಿಂಗು," ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡೆ.

ಸೂಜಿ ಡಬ್ಬಿ ಜೋಡಿಸುತ್ತಿದ್ದ ನನ್ನ ಹೆಂಡತಿ, "ರೀ, ಒಂದ್ನಿಮಿಷ ಸುಮ್ನಿರಿ," ಎಂದಳು. ಟೈಲರಮ್ಮನನ್ನು ಕೂರಿಸಿ, "ಅಕ್ಕಾ, ಇದು ನಡುಗೋಕೆ ಶುರುವಾಗಿದ್ದು ಯಾವಾಗ?" ಎಂದು ಕೇಳಿದಳು.

"ಎರಡು ತಿಂಗಳಾಯ್ತು. ನಮ್ಮ ಯಜಮಾನ್ರು ರಿಟೈರ್ ಆದ್ರಲ್ಲ, ಆಗಿಂದ."

ಇದೆಂಥ ಕಾಡುಹರಟೆ ಎಂದು ನಾನು ಹಲ್ಲು ಕಡಿದೆ. ಹೆಂಡತಿ ಮಾತ್ರ ಸೂಜಿ ಡಬ್ಬಿ ಬದಿಗಿಟ್ಟು ಸ್ಟೂಲು ಹತ್ತಿರ ಎಳೆದುಕೊಂಡಳು. ಟೈಲರಮ್ಮನೇ ಮುಂದುವರಿಸಿದರು: "ಈಗ ಇಡೀ ದಿನ ನನ್ನೆದುರಿಗೇ ಕೂತು ಪೇಪರ್ ಓದ್ತಾರೆ."

"ಕಾಲು ಎಲ್ಲಿಟ್ಕೋತಾರೆ?"

ಟೈಲರಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ಮಷಿನ್ ಟೇಬಲ್ಲಿನ ಅಡ್ಡಪಟ್ಟಿ ಮೇಲೆ! ಕೂತ್ರೆ ಸಾಕು, ಕಾಲು ಅಲ್ಲಾಡಿಸ್ತಾನೇ ಇರ್ತಾರೆ!"

ಮಷಿನ್ ಎತ್ತಿಕೊಂಡು ಓಡಿಯೇ ಬಿಟ್ಟರು. ಮರುದಿನ ಮಧ್ಯಾಹ್ನ ಫೋನ್ ಬಂತು. ನಲವತ್ತೂ ಯೂನಿಫಾರ್ಮ್ ಶಾಲೆ ಸೇರಿದ್ದವು. ಹೊಲಿಗೆ ಗೆರೆ ಎಳೆದಂತಿತ್ತು. ಯಜಮಾನರು ಕುರ್ಚಿ ಸಮೇತ ಅಡುಗೆಮನೆಗೆ ವರ್ಗವಾಗಿದ್ದರು.

ನನಗೆ ನಾಚಿಕೆಯಾಯಿತು, ಜೊತೆಗೆ ಹೊಟ್ಟೆಕಿಚ್ಚೂ ಆಯಿತು. "ನಿಂಗೆ ಅದು ಹೇಗೆ ಹೊಳೀತೇ?" ಎಂದೆ.

"ನಂಗೇನೂ ಹೊಳೀಲಿಲ್ಲ. ಕೇಳ್ದೆ, ಅವರೇ ಹೇಳಿದ್ರು."

ಹದಿನೆಂಟು ವರ್ಷದ ಸಂಸಾರದಲ್ಲಿ ನಾನು ಇವಳನ್ನು ಏನೇನು ಕೇಳಿದ್ದೇನೆ ಎಂದು ನೆನಪಿಸಿಕೊಂಡೆ. ಬೀಗದಕೈ ಎಲ್ಲಿ ಎಂಬುದೊಂದು ಬಿಟ್ಟರೆ ಬೇರೇನೂ ನೆನಪಾಗಲಿಲ್ಲ.

"ನಿಂಗೇನಾದ್ರೂ ಹೇಳೋದಿದ್ಯಾ?" ಎಂದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಎದ್ದುಹೋಗಿ ಅಂಗಡಿಯ ಷಟರ್ ಅರ್ಧ ಎಳೆದಳು. ನನಗೊಂದು ಸ್ಟೂಲು ಹಾಕಿದಳು.

"ಕೂತ್ಕೊಳ್ಳಿ. ಮದುವೆ ದಿನದಿಂದ ಶುರು ಮಾಡ್ತೀನಿ."

ಸ್ಕ್ರೂಡ್ರೈವರನ್ನು ಕೈಗೆ ಸಿಗದಷ್ಟು ದೂರವಿಟ್ಟು ಕೂತೆ.