ಗಂಧಕದ ಹೊಗೆ ಹಿಡಿದ ಮೊಗ್ಗು

ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ವಾಪಸಾದ ರುಯಿಜೆನ್ ಅಂಗಳಕ್ಕೆ ಕಾಲಿಡುವ ಮೊದಲೇ ಮೂಗು ಮುಚ್ಚಿಕೊಂಡಳು. ಇಡೀ ಪೊಟ್ಟಣ ಬೆಂಕಿಕಡ್ಡಿಯನ್ನು ಒಮ್ಮೆಲೇ ಗೀರಿದಂಥ ನಾತ. ಹೂ ಒಣಗಿಸುವ ಕೋಣೆಯ ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿತ್ತು. ಅದನ್ನು ಕಿತ್ತೆಸೆದು ಒಳಗೆ ಹೋದರೆ ಕಣ್ಣಲ್ಲಿ ನೀರು ಬಂತು. ಬಿದಿರ ತಟ್ಟೆಗಳ ತುಂಬ ಕಷಾಯಕ್ಕೆ ಬಳಸುವ ಚಿನ್ನಬೆಳ್ಳಿ ಹೂವಿನ ಮೊಗ್ಗು, ವರ್ಷದ ಮೊದಲ ಕೊಯ್ಲು, ಅಷ್ಟಕ್ಕೂ ಹೆಣಕ್ಕೆ ಪೌಡರ್ ಬಳಿದಂಥ ಬಿಳುಪು.

ಅವಳ ಮಗ ಚುವಾನ್‌ಬಾವ್ ಕಟ್ಟೆಯ ಮೇಲೆ ಕೂತು ಹಿಟ್ಟಿನ ದೋಸೆಯಲ್ಲಿ ಈರುಳ್ಳಿ ದಂಟು ಸುತ್ತಿ ತಿನ್ನುತ್ತಿದ್ದ.

"ಗಂಧಕದ ಹೊಗೆ ಹಾಕಿದ್ಯೇನೋ?"

"ನಾಕು ದಿನ ಮಳೆ ಬಿಡ್ಲಿಲ್ಲಮ್ಮ. ಬಿಸ್ಲಿಲ್ದೆ ಹೂ ಕಪ್ಪಾಗ್ತಿತ್ತು. ಊರೆಲ್ಲ ಹಾಕುತ್ತೆ, ನಾವೊಬ್ರು ಹಾಕಿದ್ರೆ ಆಕಾಶ ಬೀಳುತ್ತಾ?"

"ಕಪ್ಪಾದ್ರೆ ಕಪ್ಪು ಹೂ ಮಾರ್ಬೇಕಿತ್ತು."

"ಯಾರು ತಗೋತಾರೆ? ಎರಡು ದಿನ ಗಾಳಿಗಿಟ್ರೆ ನಾತ ಹೋಗುತ್ತೆ. ತಿಂದ್ರೆ ಯಾರೂ ಸಾಯಲ್ಲ."

ಮೆಂಗ್ ಬೆಟ್ಟದ ಈ ಇಳಿಜಾರಿನಲ್ಲಿ ಊರೆಲ್ಲ ಹಾಕುತ್ತದೆ ಅನ್ನುವುದು ಸುಳ್ಳಲ್ಲ. ಅದೇ ಊರಿನ ಪ್ರತಿ ಮನೆಯ ಅಡುಗೆಕೋಣೆಯಲ್ಲೂ ಒಂದು ಬಟ್ಟೆಚೀಲ ತೂಗುತ್ತಿರುತ್ತದೆ. ಹೊಗೆ ತಾಗದ, ಬಿಸಿಲಲ್ಲೇ ಒಣಗಿದ ಕಂದು ಮೊಗ್ಗು. ತಮ್ಮ ಗಂಟಲುನೋವಿಗೆ, ತಮ್ಮ ಮಕ್ಕಳ ಬೆವರುಗುಳ್ಳೆಗೆ. ಬೆಳ್ಳಗಿರುವುದು ಹೊರಗಿನವರಿಗೆ. ತನಗೊಂದು ನ್ಯಾಯ, ಪರರಿಗೊಂದು ನ್ಯಾಯ. ಹಬ್ಬದೂಟಕ್ಕೆ ಕೂತಾಗ ಎದುರಿಗಿದ್ದವರು ನಗುನಗುತ್ತ ಬಟ್ಟಲು ಮುಂದೆ ತಳ್ಳಿದರೆ ರುಯಿಜೆನ್‌ಗೆ ಆ ಚೀಲ ನೆನಪಾಗಿ ತುತ್ತು ಇಳಿಯುತ್ತಿರಲಿಲ್ಲ. ಅವಳ ಮನೆಯಲ್ಲಿ ಮಾತ್ರ ಇಪ್ಪತ್ತೆರಡು ವರ್ಷ ಒಂದೇ ಬಗೆಯ ಹೂವಿತ್ತು. ಸೂರ್ಯ ಹುಟ್ಟುವ ಮೊದಲು, ಬಿರಿಯದ ಮೊಗ್ಗನ್ನೇ ಕೊಯ್ದು ಚಾಪೆಯ ಮೇಲೆ ತೆಳ್ಳಗೆ ಹರಡುವುದು, ಒಣಗುವವರೆಗೆ ಬೆರಳು ತಾಗಿಸದಿರುವುದು. ಬೆರಳು ತಾಗಿದ ಮೊಗ್ಗು ಕಪ್ಪಾಗುತ್ತದೆ.

ಈಗ ಆ ಮನೆಯಲ್ಲೂ ಚೀಲ ತೂಗುತ್ತಿತ್ತು. ಸೊಸೆ ಹುವಾನ್ ಮಳೆಗೆ ಮುಂಚೆ ಒಣಗಿದ್ದ ಒಂದಿಷ್ಟನ್ನು ಮಗುವಿಗೆಂದು ತೆಗೆದಿಟ್ಟಿದ್ದಳು.

ಮೂರನೆಯ ದಿನ ಯಾನ್ ವೈದ್ಯರು ಬಂದರು. ಪೇಟೆಯಲ್ಲಿ ಮಕ್ಕಳ ಜ್ವರಕ್ಕೆ ಕಷಾಯ ಕೊಡುವ ಎಪ್ಪತ್ತು ದಾಟಿದ ಮುದುಕ. ಪ್ರತಿವರ್ಷ ಈ ಮನೆಯ ಹೂವನ್ನೇ ಒಯ್ಯುವವರು. ಮೂಗಿಗೆ ವಾಸನೆ ತಿಳಿಯದಾಗಿ ಆರು ವರ್ಷವಾಗಿತ್ತು, ನಾಲಿಗೆಯೂ ಅಷ್ಟಕ್ಕಷ್ಟೆ. ಅಂದಿನಿಂದ ಅವರು ಒಂದು ಮೊಗ್ಗನ್ನು ರುಯಿಜೆನ್ ಕೈಗೆ ಕೊಟ್ಟು ಅಗಿಯಲು ಹೇಳಿ ಅವಳ ಮುಖ ನೋಡುತ್ತಿದ್ದರು.

"ನಿಜ ಹೇಳ್ತೀನಿ ಅವ್ರಿಗೆ," ಎಂದು ಅವಳು ಬೆಳಿಗ್ಗೆಯೇ ಮಗನಿಗೆ ಅಂದಿದ್ದಳು.

"ಹೇಳು. ಇಡೀ ಊರಿನ ಮುಂದೆ ಮಗ ಕಳ್ಳ ಅಂತ ಡಂಗುರ ಹೊಡಿ. ಆಮೇಲೆ ನಾನು ಯಾರಿಗೆ ಮುಖ ತೋರ್ಸ್ಲಿ?"

ವೈದ್ಯರು ಮೊಗ್ಗು ಕೊಟ್ಟರು. "ತಗೋ ತಂಗಿ. ಈ ಸಲ ಇಷ್ಟು ಬೆಳ್ಳಗಿದೆಯಲ್ಲ, ಎಳೇ ಮೊಗ್ಗು ಹಾಗೇ ಅಂತಾನೆ ನಿನ್ನ ಮಗ."

ಒಳ್ಳೆಯ ಮೊಗ್ಗು ಮೊದಲು ಕಹಿ, ಆಮೇಲೆ ತುಸು ಸಿಹಿ. ಇದು ಹುಳಿ. ನಾಲಿಗೆಯನ್ನು ಚುಚ್ಚಿತು, ಗಂಟಲಲ್ಲಿ ಕೆರೆತ ಎದ್ದಿತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡು. ಚುವಾನ್‌ಬಾವ್ ನೆಲ ನೋಡುತ್ತಿದ್ದ. ರುಯಿಜೆನ್ ನುಂಗಿದಳು. ಹುಬ್ಬು ಕೂಡ ಅಲುಗಲಿಲ್ಲ.

"ಚೆನ್ನಾಗಿದೆ," ಅಂದಳು.

ಇಷ್ಟು ಸಲೀಸಾಗಿ ಬಂದ ಆ ಮಾತಿಗೆ ಅವಳಿಗೇ ಹೇಸಿಗೆಯಾಯಿತು. ಊರಿನವರನ್ನು ಕಂಡು ಇಷ್ಟು ವರ್ಷ ಮೂಗು ಮುರಿದವಳು ಅವರಿಗಿಂತ ಚೆನ್ನಾಗಿ ಸುಳ್ಳಾಡಿದ್ದಳು.

ವೈದ್ಯರ ಗಾಡಿಗೆ ನಾಲ್ಕು ಚೀಲ ಏರಿದವು. ಕೊಂಡವರು ಮೊದಲ ಬೊಗಸೆಯನ್ನು ಬೆಳೆದ ಮನೆಗೇ ಮರಳಿಸುವುದು ಅಲ್ಲಿಯ ರೂಢಿ. ವೈದ್ಯರು ಚೀಲದ ಬಾಯಿ ಬಿಚ್ಚಿ ಬೊಗಸೆ ತುಂಬ ತೆಗೆದರು. ಅಷ್ಟರಲ್ಲಿ ಹುವಾನ್ ಮಗುವನ್ನೆತ್ತಿಕೊಂಡು ಹೊರಬಂದಳು. ಐದು ತಿಂಗಳ ತಾವ್‌ತಾವ್‌ಳ ಕುತ್ತಿಗೆಯ ಮಡಿಕೆಯಲ್ಲಿ ಬೆವರುಗುಳ್ಳೆ ಕೆಂಪಗೆ ಎದ್ದಿದ್ದವು.

"ಅಯ್ಯೋ ಪುಟ್ಟಿ, ಇದೇನು ಮಾಡ್ಕೊಂಡೆ," ಎಂದರು ವೈದ್ಯರು. "ತಗೊಳಮ್ಮ, ಈಗ್ಲೇ ಇದನ್ನ ಕುದಿಸು, ಆರಿಸಿ ಸ್ನಾನ ಮಾಡ್ಸು. ನಾನೂ ಇರ್ತೀನಿ, ಹೇಗೆ ಇಳಿಯುತ್ತೆ ನೋಡೋಣ."

ಹುವಾನ್ ಕೈ ಚಾಚಲಿಲ್ಲ. ಗಂಡನ ಕಡೆ ನೋಡಿದಳು.

"ಆಮೇಲೆ ಮಾಡ್ಸಿದ್ರಾಯ್ತು ಬಿಡಿ," ಅಂದ ಚುವಾನ್‌ಬಾವ್. "ನಿದ್ದೆ ಹೊತ್ತು ಅದಕ್ಕೆ."

"ಕಣ್ ಬಿಟ್ಕೊಂಡು ನನ್ನನ್ನೇ ನೋಡ್ತಿದೆಯಲ್ಲಪ್ಪ."

"ಇವತ್ತು ಗಾಳಿ ಜಾಸ್ತಿ. ಮಗುಗೆ ಶೀತ ಆಗುತ್ತೆ."

ಮೇ ತಿಂಗಳ ಬಿಸಿಲಿಗೆ ಎಲ್ಲರ ಹಣೆಯೂ ಬೆವರುತ್ತಿತ್ತು, ಎಲೆ ಅಲುಗುತ್ತಿರಲಿಲ್ಲ. ತಿಂದರೆ ಯಾರೂ ಸಾಯುವುದಿಲ್ಲ ಅಂದ ಬಾಯಿ ಸ್ವಂತ ಮಗುವಿನ ಮೈಗೆ ಸೋಕಿಸದಿರಲು ಗಾಳಿ, ನಿದ್ದೆ ಎಂದು ನೆಪ ಹುಡುಕುತ್ತಿತ್ತು. ಥೂ, ಇವನನ್ನು ಹೆತ್ತೆನೇ ಅನ್ನಿಸಿತು ರುಯಿಜೆನ್‌ಗೆ. ಹಾಗೆಂದುಕೊಂಡೇ ಅವಳೂ ಮಗುವಿನ ಅಂಗಿಯ ಕತ್ತುಪಟ್ಟಿ ಮೇಲೆಳೆದು ಗುಳ್ಳೆ ಮುಚ್ಚಿದಳು.

ವೈದ್ಯರು ಬೊಗಸೆಯನ್ನು ಹಾಗೇ ಹಿಡಿದು ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಮೊಗ್ಗನ್ನು ಚೀಲಕ್ಕೆ ಸುರಿದು ಕೈಯನ್ನು ಅಂಗಿಗೆ ಒರೆಸಿಕೊಂಡರು. ಮತ್ತೆ ಮತ್ತೆ ಒರೆಸಿಕೊಂಡರು.

"ಇಳಿಸಪ್ಪ ಚೀಲ," ಎಂದರು ಚುವಾನ್‌ಬಾವ್‌ಗೆ. ಆಮೇಲೆ ರುಯಿಜೆನ್ ಕಡೆ ತಿರುಗಿ, "ಹೋದ ವರ್ಷದ್ದೂ ಹೀಗೇನಾ ತಂಗಿ?"

"ಇಲ್ಲ, ವೈದ್ಯರೇ. ಆಣೆ ಮಾಡ್ತೀನಿ. ಇದೊಂದೇ ಸಲ."

"ಹೇಗೆ ನಂಬ್ಲಿ?" ಎಂದರು ಮುದುಕ. ಬೈಯುವ ದನಿಯಲ್ಲ, ನಿಜವಾಗಿಯೇ ಕೇಳಿದರು. "ಹೋದ ವರ್ಷ ನನ್ ಹತ್ರ ಬಂದ ಮಕ್ಕಳನ್ನ ನೆನಪು ಮಾಡ್ಕೊಂಡು ಕೂತ್ಕೋಬೇಕಾ ಇನ್ನು?"

ಗಾಡಿ ಖಾಲಿಯಾಗಿ ಇಳಿಜಾರಿನಲ್ಲಿ ಇಳಿದುಹೋಯಿತು.

ಚುವಾನ್‌ಬಾವ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಹೋಗ್ಲಿ ಬಿಡಮ್ಮ. ಸಂತೆ ದಲ್ಲಾಳಿ ಕಣ್ಮುಚ್ಚಿ ತಗೋತಾನೆ. ಅವ್ನು ಯಾರ ಮಗುಗೂ ಸ್ನಾನ ಮಾಡ್ಸು ಅನ್ನಲ್ಲ."

"ಅಲ್ಲಿಂದ ಎಲ್ಲಿಗೆ ಹೋಗುತ್ತೋ ಅದು?"

"ನಮಗ್ಯಾಕೆ?"

ಹುವಾನ್ ಒಳಗೆ ಬಟ್ಟೆಚೀಲದ ಮೊಗ್ಗನ್ನು ಕುದಿಯಲು ಇಟ್ಟಿದ್ದಳು. ಘಮ ಅಂಗಳದವರೆಗೆ ಬರುತ್ತಿತ್ತು. ಇದು ತನ್ನ ಮೊಮ್ಮಗುವಿಗೆ, ಆ ನಾಲ್ಕು ಚೀಲ ಯಾವಳೋ ಅಜ್ಜಿಯ ಮೊಮ್ಮಗುವಿಗೆ. ರುಯಿಜೆನ್ ಗೋಡೆಯ ಬುಡಕ್ಕೆ ಹೋಗಿ ಉಗುಳಿದಳು. ಹುಳಿ ಹೋಗಲಿಲ್ಲ.

"ಸಂತೆಗೆ ಹೊರಡಿಸ್ಬೇಕು, ಚೀಲ ದಪ್ಪ, ಒಬ್ನಿಂದ ಎತ್ತಕ್ಕಾಗಲ್ಲ," ಎಂದ ಮಗ. "ಆ ಕಡೆ ಹಿಡಿಯಮ್ಮ."

ಅವಳು ಬಾಯಿ ಒರೆಸಿಕೊಂಡು ಬಂದು ಆ ಕಡೆ ಹಿಡಿದಳು.