ಗುಡುಗು ಕೇಳಿದ ಕೂಡಲೇ

ಬಾಳೂರಿನ ಎಸ್ಟೇಟೊಂದರಲ್ಲಿ ಏಣಿ ಹತ್ತಿ ಕಾಳುಮೆಣಸು ಕೊಯ್ಯುತ್ತಿದ್ದ ದಾಸಯ್ಯ ಹೋದ ಬೇಸಿಗೆಯಲ್ಲಿ ಸಿಡಿಲು ಬಡಿದು ತೀರಿಕೊಂಡ. ಮಳೆ ಬಂತೆಂದು ಸಿಲ್ವರ್ ಮರದ ಬುಡದಲ್ಲಿ ನಿಂತಿದ್ದ, ಅಷ್ಟೆ. ಹೆಂಡತಿ ಅಂಜನಮ್ಮ ಆಗ ಅಳಲಿಲ್ಲ, ಆಮೇಲೂ ಅಳಲಿಲ್ಲ. ತಿಥಿ ಮುಗಿಸಿ ಅದೇ ತೋಟಕ್ಕೆ ಕೆಲಸಕ್ಕೆ ಬಂದಳು. ಯಾರಾದರೂ ಕರೆದರೆ ತಿರುಗುತ್ತಿದ್ದಳು, ಬಡಿಸಿದರೆ ಉಣ್ಣುತ್ತಿದ್ದಳು.

ಈ ವರ್ಷ ಮುಂಗಾರಿಗೆ ಮೊದಲೇ ಪಂಚಾಯಿತಿಯ ಅಶ್ವಿನ್ ಆಳುಗಳ ಸಾಲುಮನೆಗಳಲ್ಲಿದ್ದ ಅವಳ ಲೈನ್ ಮನೆಗೆ ಬಂದ. ಸಿಡಿಲಿನ ಬಗ್ಗೆ ತೋಟದ ಆಳುಗಳಿಗೆ ತಿಳಿಹೇಳುವ ಸಭೆಯಿತ್ತು.

"ನಾವು ಹೇಳಿದ್ರೆ ಯಾರೂ ಕಿವಿಗೆ ಹಾಕ್ಕಳಲ್ಲ ಅಂಜನಕ್ಕ. ನೀವು ಎರಡು ಮಾತಾಡ್ತೀರಾ?"

"ಆಯ್ತು" ಎಂದಳು. ಬೇಡವೆನ್ನುವುದಕ್ಕೂ ಮನಸ್ಸು ಬೇಕಲ್ಲ, ಅದು ಅವಳಲ್ಲಿರಲಿಲ್ಲ.

ಕಾಫಿ ಕಣದಲ್ಲಿ ಎಲ್ಲರೂ ಕೂತಿದ್ದರು. ಅಂಜನಮ್ಮ ಪರವೂರಿನ ಯಾರದೋ ಸುದ್ದಿ ಹೇಳುವವಳಂತೆ ಹೇಳಿದಳು.

"ಗುಡುಗು ಕೇಳಿದ ಕೂಡ್ಲೆ ಏಣಿ ಅಲ್ಲೇ ಬಿಟ್ಟು ಗೋಡೌನಿಗೆ ಬನ್ನಿ. ಮರದಡಿ ನಿಲ್ಲಬೇಡಿ. ಸಿಡಿಲು ಬಡಿದವ್ರನ್ನ ಮುಟ್ಟಿದ್ರೆ ನಮಗೇನೂ ಆಗಲ್ವಂತೆ. ಎದೆ ಒತ್ತಿದ್ರೆ ಕೆಲವ್ರು ಬದುಕ್ತಾರಂತೆ. ಅವತ್ತು ಯಾರಿಗೂ ಅದು ಗೊತ್ತಿರಲಿಲ್ಲ. ಮುಟ್ಟಬೇಡ ಅಂತ ನನ್ನನ್ನ ಹಿಡ್ಕೊಂಡ್ರು."

ಅವಳು ಸೆರಗು ಸರಿಮಾಡಿಕೊಂಡು ಹೋಗಿ ಕೂತಳು.

ಮುಂದಿನ ವಾರವೇ ಒಂದು ಮಧ್ಯಾಹ್ನ ಬಾನು ಕಪ್ಪಿಟ್ಟಿತು. ಮೊದಲ ಗುಡುಗಿಗೇ ಆಳುಗಳು ಏಣಿಗಳಿಂದಿಳಿದು ಓಡಿದರು. ಅಂಜನಮ್ಮನೊಬ್ಬಳು ಗಿಡಗಳ ನಡುವೆ ನಿಂತೇ ಇದ್ದಳು. ಭಯವೂ ಇರಲಿಲ್ಲ, ಸಾಯುವ ಆಸೆಯೂ ಇರಲಿಲ್ಲ. ಕಾಲು ಎತ್ತಬೇಕೆಂದು ಅನ್ನಿಸಲೇ ಇಲ್ಲ. ಪಕ್ಕದ ಮನೆಯ ಮೋನಿಕಾ ಅರ್ಧ ದಾರಿಯಿಂದ ವಾಪಸು ಓಡಿಬಂದು ಅವಳ ರಟ್ಟೆ ಹಿಡಿದು ಎಳೆದಳು.

"ನಮಗೆ ಹೇಳಿ ನೀವೇ ನಿಂತ್ರಲ್ಲ ದೊಡ್ಡಮ್ಮ! ನಿಮಗೇನಾದ್ರೂ ಆದ್ರೆ ನಾವೇನು ಮಾಡ್ಬೇಕು?"

ಅವರಿಬ್ಬರೂ ಗೋಡೌನಿನ ಒಳಗೆ ಬಂದ ಮೇಲೆ ಕೆಳಗಿನ ತೋಟದಲ್ಲೆಲ್ಲೋ ಸಿಡಿಲು ಬಿತ್ತು. ಮೋನಿಕಾ ಅಳತೊಡಗಿದಳು. ಅಂಜನಮ್ಮ ತಾನು ಕೂತಿದ್ದ ಮೂಟೆಯ ಮೇಲೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು. ತಾನು ಸರಿದದ್ದು ತನಗೇ ಸ್ವಲ್ಪ ತಡವಾಗಿ ತಿಳಿಯಿತು.

ಮಳೆ ತೆಳುವಾದಾಗ ಮೇಸ್ತ್ರಿ ದೇವೇಂದ್ರ ಬಾಗಿಲು ತೆರೆದ. "ಹೊರಡಿ, ಕೆಲಸ ಉಳಿದಿದೆ."

ದೂರದಲ್ಲಿ ಇನ್ನೂ ಗುಡುಗುತ್ತಿತ್ತು.

"ಈಗ ಬೇಡ ಮೇಸ್ತ್ರಿಗಳೇ. ಗುಡುಗು ಪೂರ್ತಿ ನಿಂತು ಅರ್ಧ ಗಂಟೆ ಕಳೀಲಿ" ಎಂದಳು ಅಂಜನಮ್ಮ.

ಎದ್ದವರೆಲ್ಲ ಮತ್ತೆ ಕೂತರು. ದೇವೇಂದ್ರ ಅವಳ ಮುಖ ನೋಡಿ ಬಾಗಿಲು ಮುಚ್ಚಿದ.