ಚಡ್ಡಿ ಜೇಬಿನ ಸೀಲು

ಕಳ್ಳಿಮೆಳೆದೊಡ್ಡಿ ಗ್ರಾಮ ಪಂಚಾಯಿತಿಯ ಸೀಲು ಎಲ್ಲಿರುತ್ತದೆ ಎಂದು ಕೇಳಿದರೆ ಮಳವಳ್ಳಿ ರಸ್ತೆಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುವವರೂ ಹೇಳುತ್ತಿದ್ದರು: ತಿಮ್ಮಯ್ಯನ ಚಡ್ಡಿ ಜೇಬಿನಲ್ಲಿ. ನಗಬೇಡಿ, ನಿಜವೇ. ಪಂಚೆಯೊಳಗೆ ಮಂಡಿ ಮುಟ್ಟುವ ಪಟ್ಟಾಪಟ್ಟಿ ಚಡ್ಡಿ, ಆ ಚಡ್ಡಿಗೊಂದು ಆಳವಾದ ಜೇಬು, ಜೇಬಿನೊಳಗೆ ಬೀಡಿ ಕಟ್ಟು, ಬೈಕಿನ ಕೀ, ಅವುಗಳ ಜೊತೆ ಅಧ್ಯಕ್ಷರ ಸೀಲು. ಯಾರಾದರೂ ಕಾಗದ ಹಿಡಿದು ಬಂದರೆ ತಿಮ್ಮಯ್ಯ ನಿಂತಲ್ಲೇ ಪಂಚೆ ಎತ್ತಿ, ಕೈ ಇಳಿಬಿಟ್ಟು, ಸೀಲು ತೆಗೆದು, ಬೈಕಿನ ಸೀಟಿನ ಮೇಲೆ ಕಾಗದವಿಟ್ಟು ಒತ್ತಿ ಕೊಡುತ್ತಿದ್ದ. ಸರ್ಕಾರವೇ ತನ್ನ ತೊಡೆಗೆ ಆತುಕೊಂಡು ಮಲಗಿದೆ ಎನ್ನುವಷ್ಟು ಜಂಭ ಅವನಿಗೆ.

ಅಧ್ಯಕ್ಷ ಮಾತ್ರ ಅವನಲ್ಲ. ಅವನ ಹೆಂಡತಿ ಮರಿತಾಯಮ್ಮ. ಆ ಸಲ ಸೀಟು ಹೆಂಗಸರಿಗೆ ಮೀಸಲಾಗಿತ್ತು, ಮೆಂಬರುಗಳು ಕೈ ಎತ್ತಿದ್ದು ಇವಳಿಗೆ, ಹಾರ ಹಾಕಿದ್ದು ಇವಳಿಗೆ. ಮಾರನೆಯ ದಿನದಿಂದ ‘ಅಧ್ಯಕ್ಷ್ರೆ’ ಎಂದು ಕರೆದದ್ದು ಅವನನ್ನು. ಎಸ್ಸೆಸ್ಸೆಲ್ಸಿ ಓದಿದ್ದ ಮರಿತಾಯಮ್ಮ ಗಂಡ ಬೆರಳಿಟ್ಟಲ್ಲಿ ಸೈನು ಹಾಕುತ್ತಿದ್ದಳು, ಮಿಕ್ಕ ಹೊತ್ತಿನಲ್ಲಿ ಹಸು ಕರೆಯುತ್ತಿದ್ದಳು. ತನಗೇನೂ ತಿಳಿಯದು ಎಂದು ಅವಳು ಯಾವತ್ತೂ ಅಂದುಕೊಂಡವಳಲ್ಲ. ಸಂದರ್ಭ ಬಂದಿರಲಿಲ್ಲ, ಅಷ್ಟೆ.

ಬಂದದ್ದು ಕೊಳವೆಬಾವಿಯ ರೂಪದಲ್ಲಿ. ಊರಿಗೆ ಒಂದೇ ಒಂದು ಬೋರು ಮಂಜೂರಾಗಿತ್ತು. ಮೇಲ್ಗೇರಿಯ ಶಿವನಂಜಮ್ಮ ಇನ್ನೂ ಕೆಲವರು ಹೆಂಗಸರನ್ನು ಕರೆದುಕೊಂಡು ಮನೆಗೆ ಬಂದು ಜಗಲಿಯ ಮೇಲೆ ಕೂತಳು.

“ಅಕ್ಕ, ನಲ್ಲೀಲಿ ನೀರು ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ದಿಬ್ಬ ಅತ್ತಿ ಅತ್ತಿ ನಮ್ ಮಂಡಿಚಿಪ್ಪೇ ಸವೆದೋದೊ. ಬೋರು ನಮ್ ಕೇರೀಗೆ ಆಕ್ಸು.”

“ಆಕ್ಸ್ತೀನಿ ಕಣ್ ಓಗ್ರವ್ವ,” ಎಂದಳು ಮರಿತಾಯಮ್ಮ. ತಾಳಿ ಕಟ್ಟಿಸಿಕೊಂಡು ಈ ಊರಿಗೆ ಬಂದ ಮೇಲೆ ಅವಳು ಯಾರಿಗೂ ಕೊಟ್ಟ ಮಾತು ತಪ್ಪಿದವಳಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಅವನು ಮುದ್ದೆ ಮುರಿಯುತ್ತ, ಬೋರು ಅಂಕಯ್ಯನ ಆಲೆಮನೆ ಪಕ್ಕಕ್ಕೆ ಅಂತ ಆಗಲೇ ಒಪ್ಪಿ ಆಗಿದೆ ಎಂದ. ಅಂಕಯ್ಯ ಅವನ ಚಡ್ಡಿ ದೋಸ್ತಿ. ಕಬ್ಬು ಅರೆದು ಬೆಲ್ಲ ಕಾಯಿಸುವ ಅವನ ಆಲೆಮನೆಗೂ ಮೇಲ್ಗೇರಿಗೂ ನಡುವೆ ಇಡೀ ದಿಬ್ಬವೇ ಅಡ್ಡ. ಅಲ್ಲಿ ಬಿದ್ದ ನೀರು ಯಾರ ಗದ್ದೆಗೆ ಹರಿಯುತ್ತದೆ ಎಂದು ಹೇಳಲು ಜ್ಯೋತಿಷಿ ಬೇಕಾಗಿರಲಿಲ್ಲ.

“ಆ ಕಾಗದಕ್ಕೆ ನಾನು ಸೈನು ಆಕಾಕಿಲ್ಲ. ಸೀಲೂ ಕೊಡಿ ಇತ್ಲಾಗೆ, ನನ್ತಾವ್ಲೇ ಇರ್ಲಿ.”

ತಿಮ್ಮಯ್ಯ ನಕ್ಕ. “ಎಲ್ಲಿ ಮಡಿಕತೀಯಮ್ಮಿ? ಜೇಬದಾ ನಿಂಗೆ?”

ಕೇಳುವುದಕ್ಕೆ ತಮಾಷೆಯ ಮಾತು. ಆದರೆ ಮರಿತಾಯಮ್ಮ ತನ್ನ ಸೀರೆಯನ್ನು ಒಮ್ಮೆ ನೋಡಿಕೊಂಡಳು. ಹೌದಲ್ಲ, ಜೇಬೆಲ್ಲಿದೆ? ಗಂಡಸಿಗಾದರೆ ದರ್ಜಿ ಜಾಗ ಸಿಕ್ಕಲ್ಲೆಲ್ಲ ಜೇಬಿಟ್ಟಿದ್ದಾನೆ: ಅಂಗಿಯ ಎದೆಗೊಂದು, ಪ್ಯಾಂಟಿನ ಎಡಕ್ಕೆ ಬಲಕ್ಕೆ, ಹಿಂದಕ್ಕೆ, ಕೊನೆಗೆ ಯಾರಿಗೂ ಕಾಣದ ಚಡ್ಡಿಗೂ. ಹೆಂಗಸಿಗೆ ಆರು ಗಜದ ಸೀರೆ ಕೊಟ್ಟು ಒಂದು ಅಂಗೈ ಅಗಲದ ಜೇಬು ಕೊಡಲಿಲ್ಲ. ಅವಳು ಸೆರಗಿಗೆ ಗಂಟು ಹಾಕಬೇಕು, ರವಿಕೆಯೊಳಗೆ ತುರುಕಬೇಕು. ಇನ್ನು ಕೈಗೊಂದು ಬ್ಯಾಗು ಹಿಡಿದಳೋ, ‘ಇವರಿಗೇನಪ್ಪ ಶೋಕಿ’ ಅನ್ನುತ್ತಾರೆ. ತಾವು ಮಾತ್ರ ಮೈ ತುಂಬ ಚೀಲ ಹೊಲಿಸಿಕೊಂಡು ಓಡಾಡುತ್ತಾರೆ. ಮರಿತಾಯಮ್ಮನಿಗೆ ಸಿಟ್ಟು ನೆತ್ತಿಗೇರಿತು.

ಅತ್ತೆ ಬೆಳ್ಳಮ್ಮ ಮೂಲೆಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಮಗ ಎದ್ದು ಹೋದ ಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಸಂಚಿಯನ್ನು ಎಳೆದು ಬಿಚ್ಚುತ್ತ, “ನಿಮ್ಮಾವ ಉಲಿಯಂಗಿದ್ದ ಕಣವ್ವ,” ಎಂದಳು. “ಮನೇಲಿ ಅವನು ಮುಟ್ಟದೇ ಇರೋ ಮಡಕೆ ಇರ್ನಿಲ್ಲ. ಈ ಸಂಚೀಗೆ ಮಾತ್ರ ಕೈ ಆಕ್ತಿರ್ನಿಲ್ಲ. ಎಂಗಸಿನ ಸಂಚೀಗೆ ಕೈ ಆಕ್ದೋನು ಗಂಡ್ಸಾ ಅಂತಿದ್ರು ಆಗ. ಅಡಿಕೆ ಬೇಕಾದ್ರೂ ಕೈ ನೀಡಿ ಕೂತ್ಕೊಬೇಕಾಗಿತ್ತು. ನನ್ ಸಂಸಾರ ನಡೆದದ್ದೆಲ್ಲ ಇದ್ರೊಳಗೇಯ.”

ಸೊಸೆ ಸಂಚಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು.

ಆ ವಾರವೇ ಮಂಡ್ಯದಲ್ಲಿ ಅಧ್ಯಕ್ಷೆಯರಿಗೊಂದು ತರಬೇತಿ ಇತ್ತು. ಮುಗಿಸಿಕೊಂಡು ಬರುವಾಗ ಮರಿತಾಯಮ್ಮ ಪೇಟೆ ಬೀದಿಗೆ ಹೋಗಿ ಒಂದು ವ್ಯಾನಿಟಿ ಬ್ಯಾಗು ಕೊಂಡಳು. ಅಂಗಡಿಯವನು ಕಪ್ಪು ಬಣ್ಣದ್ದು ಗಟ್ಟಿ ಎಂದ. ಇವಳು ಕುಂಕುಮದ ಕೆಂಪಿನದೇ ಬೇಕೆಂದಳು, ಮುಂದೆ ಹಿತ್ತಾಳೆ ಬಣ್ಣದ ಹೂವಿದ್ದದ್ದು, ಅರ್ಧ ಹರದಾರಿಯಿಂದಲೂ ಹೆಂಗಸಿನದೇ ಎಂದು ಗೊತ್ತಾಗುವಂಥದ್ದು.

ತಿಮ್ಮಯ್ಯ ನೋಡಿ, “ಮೇಡಮ್ಮು ಸಿನಿಮಾಗೆ ಒಂಟವ್ರೆ,” ಎಂದು ಛೇಡಿಸಿದ. ಅವನಿಗೆ ಬ್ಯಾಗೆಂದರೆ ಮೊದಲಿನಿಂದಲೂ ಅಸಡ್ಡೆ. ಪೂರಿಗಾಲಿಯ ಮೇಷ್ಟ್ರೊಬ್ಬರು ಬಸ್ಸಿನಲ್ಲಿ ಹೆಂಡತಿಯ ಬ್ಯಾಗು ಹಿಡಿದು ನಿಂತದ್ದನ್ನು ಕಂಡು ಬಂದು ಅರಳಿಕಟ್ಟೆಯ ಮೇಲೆ ನಟನೆ ಮಾಡಿ ತೋರಿಸಿದ್ದ, ಮೇಷ್ಟ್ರಿಗೆ ‘ಬ್ಯಾಗಮ್ಮ’ ಎಂದು ಹೆಸರಿಟ್ಟಿದ್ದ. ಊರೆಲ್ಲ ಆ ಹೆಸರು ಹಿಡಿದು ನಕ್ಕಿತ್ತು.

ಸೀಲು ಅವಳ ಕೈಗೆ ಬಂದದ್ದು ಬಲು ಸುಲಭವಾಗಿ. ಜಗತ್ತಿನ ಗಂಡಸರೆಲ್ಲ ಮರೆಯುವ ಒಂದು ಸಂಗತಿಯನ್ನು ತಿಮ್ಮಯ್ಯನೂ ಮರೆತಿದ್ದ: ಚಡ್ಡಿ ಹಾಕಿಕೊಳ್ಳುವವನು ಅವನಾದರೂ ಒಗೆಯುವವಳು ಅವಳು. ಸೋಮವಾರ ಬೀಡಿ, ಕೀ ಮಾತ್ರ ತೆಗೆದುಕೊಂಡು ನೀರೊಲೆಯ ಪಕ್ಕ ಬಿಚ್ಚಿ ಎಸೆದ ಚಡ್ಡಿಯ ಜೇಬಿನಿಂದ ಸೀಲು ತಾನಾಗಿ ಬಕೀಟಿಗೆ ಉರುಳಿತು. ಮರಿತಾಯಮ್ಮ ಅದನ್ನು ಒರೆಸಿ, ಬ್ಯಾಗಿನ ತಳಕ್ಕೆ ಹಾಕಿ, ಮೇಲೆ ಆಧಾರ್ ಕಾರ್ಡಿಟ್ಟು, ಅದರ ಮೇಲೆ ಮೆಡಿಕಲ್ ಸ್ಟೋರಿನವರು ಪೇಪರಿನಲ್ಲಿ ಸುತ್ತಿಕೊಡುತ್ತಾರಲ್ಲ, ಆ ಹೆಂಗಸರ ಪೊಟ್ಟಣ ಇಟ್ಟು, ಜಿಪ್ಪು ಎಳೆದು ನಡುಮನೆಯ ಗೂಟಕ್ಕೆ ತೂಗುಹಾಕಿದಳು.

ಮಾರನೆಯ ಬೆಳಿಗ್ಗೆ ಯಾರೋ ಕಾಗದ ತಂದರು. ತಿಮ್ಮಯ್ಯ ವಾಡಿಕೆಯಂತೆ ಪಂಚೆ ಎತ್ತಿದ, ಕೈ ಇಳಿಬಿಟ್ಟ, ಬೀಡಿ ಕಟ್ಟು ಬಂತು. ಇನ್ನೊಮ್ಮೆ ಇಳಿಬಿಟ್ಟ, ಬೈಕಿನ ಕೀ ಬಂತು.

“ಸೀಲೆಲ್ಲಮ್ಮಿ?”

“ನನ್ ಬ್ಯಾಗೊಳ್ಗೆ ಅದೆ. ತಕ್ಕಳಿ,” ಎಂದಳು ಅಡಿಗೆಮನೆಯಿಂದ.

ತಿಮ್ಮಯ್ಯ ಗೂಟದ ಬಳಿ ಹೋದ. ಜಿಪ್ಪು ಒಂದು ಗೇಣು ಎಳೆದ. ಪೇಪರು ಸುತ್ತಿದ ಪೊಟ್ಟಣ ಕಣ್ಣಿಗೆ ಬಿದ್ದದ್ದೇ ತಡ, ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡ. ಬ್ಯಾಗನ್ನೇ ಎತ್ತಿಕೊಂಡು ಜಗಲಿಗೆ ಹೋಗೋಣವೆಂದರೆ ಹೊರಗೆ ನಾಲ್ಕು ಜನ ಕೂತಿದ್ದಾರೆ. ಅವನಾಗಿ ಕೊಟ್ಟ ಹೆಸರು ಅವನಿಗೇ ಬಂದು ಅಂಟಿಕೊಂಡರೆ?

“ಇಂಥಾ ಸಾಮಾನ್ ಇಡೋ ಜಾಗ್ದಲ್ಲಿ ಸರ್ಕಾರದ ಸೀಲ್ ಮಡಗ್ತಾರಾ? ಮಳವಳ್ಳೀಲಿ ಇನ್ನೊಂದು ಮಾಡಿಸ್ಕತೀನಿ ಬುಡು.”

“ಮಾಡಿಸ್ಕಳಿ. ನನ್ ಸೈನೂ ಅಲ್ಲೇ ಮಾಡಿಸ್ಕಂಡು ಬನ್ನಿ.”

ಬೆಳ್ಳಮ್ಮ ಅಡಿಕೆ ಕತ್ತರಿಸುತ್ತ ನಕ್ಕದ್ದು ಜಗಲಿಯವರೆಗೂ ಕೇಳಿಸಿತು.

ಗುರುವಾರ ಪಂಚಾಯಿತಿ ಸಭೆ. ಕೆಂಪು ಬ್ಯಾಗು ಹೆಗಲಿಗೇರಿಸಿಕೊಂಡು ಮರಿತಾಯಮ್ಮ ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿ ಎಂದಿನಂತೆ ತಿಮ್ಮಯ್ಯ, ಬಾಗಿಲಿಗೆ ಒರಗಿಕೊಂಡು ಅಂಕಯ್ಯ. ಅಭಿವೃದ್ಧಿ ಅಧಿಕಾರಿ ಸುಧೀಂದ್ರ ಮೆತ್ತಗಿನ ಮನುಷ್ಯ, ಯಾರು ಜೋರಾಗಿ ಹೇಳುತ್ತಾರೋ ಅವರ ಮಾತನ್ನು ಬರೆದುಕೊಳ್ಳುವವರು.

“ಮೇಡಂ, ಕೊಳವೆಬಾವಿ ಆಲೆಮನೆ ಹತ್ತಿರ ಅಂತ ಬರೆದಿದ್ದೀನಿ. ಯಜಮಾನ್ರು ಹೇಳಿದ್ರು.”

“ಯಜಮಾನ್ರು ಯಾವ ವಾರ್ಡಿನ ಮೆಂಬ್ರು ಸಾರ್?” ಎಂದಳು ಮರಿತಾಯಮ್ಮ. ದನಿ ಏರಿರಲಿಲ್ಲ. “ಮೇಲ್ಗೇರಿಗೆ ಅನ್ನೋರು ಕೈ ಎತ್ರಪ್ಪ.”

ಹೆಂಗಸು ಮೆಂಬರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಒಂದು ಬಳೆಗೈ ಎದ್ದಿತು, ಆಮೇಲೆ ಉಳಿದವು. ಕಡೆಗೆ ಅಂಕಯ್ಯನನ್ನು ಕಂಡರಾಗದ ಗಂಡಸರೂ ಕೈ ಎತ್ತಿದರು. ತಿಮ್ಮಯ್ಯನ ಮುಖ ಸುಟ್ಟ ಬದನೆಕಾಯಿ ಆಗಿತ್ತು.

“ಕೈ ಎತ್ತುದ್ರೆ ಆಗೋಯ್ತಾ? ಸೀಲ್ ಬೀಳ್ಬೇಕು. ಕೊಡಿಲ್ಲಿ ಸೀಲು.”

ಮರಿತಾಯಮ್ಮ ಬ್ಯಾಗನ್ನು ಎತ್ತಿ ಮೇಜಿನ ಮೇಲೆ ಅವನ ಮುಂದಕ್ಕೆ ತಳ್ಳಿದಳು. “ತಕ್ಕಳಿ. ನಾನೇನು ಬ್ಯಾಡ ಅಂದ್ನಾ?”

ಬಾಗಿಲಿನಿಂದ ಅಂಕಯ್ಯ, “ತಕ್ಕೊ ಲಾ ತಿಮ್ಮ, ಬ್ಯಾಗೇನು ಕಚ್ತದಾ,” ಎಂದ.

ತಿಮ್ಮಯ್ಯ ಅವನ ಮೇಲೆ ತಿರುಗಿದ. “ಎಂಗಸ್ರ ಬ್ಯಾಗ್‌ಗೆ ಕೈ ಆಕು ಅಂತೀಯಲ್ಲೋ, ನೀನು ಆಕ್ತೀಯೇನ್ಲಾ ನಿನ್ ಎಂಡ್ತೀದ್ಕೆ?”

ಅಂಕಯ್ಯ ತಲೆ ಕೆರೆದುಕೊಂಡ. ಮರಿತಾಯಮ್ಮ ಬ್ಯಾಗನ್ನು ಹಿಂದಕ್ಕೆ ಎಳೆದುಕೊಂಡಳು, ಒಳಗೆ ಕೈ ಹಾಕಿ ಸೀಲು ತೆಗೆದಳು, ಸುಧೀಂದ್ರರಿಗೆ ‘ಮೇಲ್ಗೇರಿ’ ಎಂದು ಬರೆಸಿ ಓದಿ ನೋಡಿ ಒತ್ತಿದಳು. ಮೊದಲ ಸಲ ಒತ್ತುವ ಕೈ, ಮಸಿ ಸ್ವಲ್ಪ ಜಾಸ್ತಿಯೇ ಆಯಿತು.

ಆದರೆ ಕಥೆ ಅಲ್ಲಿಗೆ ಮುಗಿಯುವ ಹಾಗಿರಲಿಲ್ಲ. ಸೀಲು ಕೈ ತಪ್ಪುವ ಮೊದಲೇ ಆಲೆಮನೆ ಎಂದು ತಿಮ್ಮಯ್ಯ ಒತ್ತಿಕೊಟ್ಟಿದ್ದ, ಸೈನಿಲ್ಲದ ಕಾಗದವೊಂದು ಆಗಲೇ ಮಂಡ್ಯಕ್ಕೆ ಹೋಗಿ ಕೂತಿತ್ತು. ಅಧ್ಯಕ್ಷರು ಖುದ್ದಾಗಿ ಜಿಲ್ಲಾ ಪಂಚಾಯಿತಿ ಸಾಹೇಬರ ಮುಂದೆ ಸೈನು ಹಾಕಿ ಬದಲಾಯಿಸಬೇಕು ಎಂದರು ಸುಧೀಂದ್ರ. ತಿಮ್ಮಯ್ಯ ನಾನೂ ಬರುತ್ತೇನೆಂದು ಹೊರಟ. ಯಾಕೆಂದು ಮರಿತಾಯಮ್ಮನಿಗೆ ಗೊತ್ತಿತ್ತು. ಬೆಳಿಗ್ಗೆ ಅಂಕಯ್ಯ ಫೋನಿನಲ್ಲಿ, “ಸಾಹೇಬ್ರ ಕಿವಿಗೆ ಒಂದ್ಮಾತು ಆಕು, ನಿನ್ ಮೊಕ ಅವರಿಗೆ ಗುರ್ತದೆ,” ಎಂದು ಕಿರುಚಿದ್ದು ಹಿತ್ತಲಿಗೆಲ್ಲ ಕೇಳಿಸಿತ್ತು. ಹೌದು, ಆ ಕಚೇರಿಯಲ್ಲಿ ಕಳ್ಳಿಮೆಳೆದೊಡ್ಡಿ ಅಧ್ಯಕ್ಷರು ಎಂದರೆ ತಿಮ್ಮಯ್ಯನ ಮುಖವೇ. ಅವನು ಒಳಗೆ ಹೋಗಿ ಕುರ್ಚಿ ಎಳೆದು ಕೂತನೆಂದರೆ ಇವಳು ಗೋಡೆಗೆ ಆತು ನಿಲ್ಲಬೇಕು, ಮೇಲ್ಗೇರಿಯ ನೀರು ಮತ್ತೆ ಆಲೆಮನೆಯ ಕಡೆಗೆ ತಿರುಗಬೇಕು. ಬಸ್ಸಿನಲ್ಲಿ ಅವಳು ಆಧಾರ್ ತೋರಿಸಿ ಪುಕ್ಕಟೆ ಕೂತಳು, ಅವನು ಟಿಕೇಟು ತೆಗೆದುಕೊಂಡು ನಿಂತ. ಏನು ಮಾಡಬೇಕೆಂದು ಮದ್ದೂರು ದಾಟಿದರೂ ಅವಳಿಗೆ ಹೊಳೆದಿರಲಿಲ್ಲ, ಆದರೂ ಎದೆ ಕುಸಿದಿರಲಿಲ್ಲ.

ಸಾಹೇಬರ ಕೋಣೆಯ ಮುಂದೆ ಜನ ಕಿಕ್ಕಿರಿದಿತ್ತು. ಬೆಂಚಿನ ತುಂಬ ಬೇರೆ ಬೇರೆ ಊರಿನ ಗಂಡಸರು, ಗರಿಗರಿ ಬಿಳಿ ಅಂಗಿಯವರು. ಅಟೆಂಡರು ಬಾಗಿಲು ಸರಿಸಿ, “ಕಳ್ಳಿಮೆಳೆದೊಡ್ಡಿ ಅಧ್ಯಕ್ಷರು ಬನ್ನಿ,” ಎಂದು ಕೂಗಿದ.

ತಿಮ್ಮಯ್ಯ ಮೀಸೆ ತೀಡಿ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಮರಿತಾಯಮ್ಮ ಬ್ಯಾಗಿನಿಂದ ಸೀಲು ತೆಗೆದುಕೊಂಡು, ಜಿಪ್ಪು ಎಳೆದು, “ವಸಿ ಇಡ್ಕಳಿ,” ಎಂದು ಬ್ಯಾಗನ್ನು ಅವನ ಎದೆಗೆ ಒತ್ತಿದಳು. ಯಾರಾದರೂ ಏನಾದರೂ ಕೊಟ್ಟರೆ ಕೈ ತಾನಾಗಿ ಹಿಡಿಯುತ್ತದೆ. ತಿಮ್ಮಯ್ಯನ ಎರಡೂ ಕೈ ಹಿಡಿದವು. ಅವನಿಗೆ ಅರಿವು ಬರುವಷ್ಟರಲ್ಲಿ ಅವಳು ಹೊಸ್ತಿಲು ದಾಟಿದ್ದಳು.

ಬೆಂಚಿನ ಮೇಲಿನ ಬಿಳಿ ಅಂಗಿಗಳೆಲ್ಲ ಇತ್ತ ತಿರುಗಿದವು. ಕುಂಕುಮದ ಕೆಂಪಿನ ಬ್ಯಾಗು, ಅದರ ಹಿಂದೆ ತಿಮ್ಮಯ್ಯನ ಮೀಸೆ. ಕೆಳಗಿಡೋಣವೆಂದರೆ ನೆಲವೆಲ್ಲ ಎಲೆಅಡಿಕೆಯ ಉಗುಳು. ಯಾರೋ ಕಿಸಕ್ಕೆಂದರು. ಅಟೆಂಡರು ಅವನನ್ನು ಮೇಲಿಂದ ಕೆಳಗೆ ನೋಡಿ, “ಏನ್ ಯಜಮಾನ್ರೆ, ಯಾರ್ದು ಬ್ಯಾಗು?” ಎಂದ.

ತಿಮ್ಮಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ‘ಎಂಡ್ತೀದು’ ಎಂದರೆ ಮುಗಿಯಿತು, ಮೂರು ತಾಲ್ಲೂಕಿನ ಮುಂದೆ ಹೆಂಡತಿಯ ಬ್ಯಾಗು ಹಿಡಿದ ಗಂಡ. ‘ನಂದೇ’ ಎಂದರೆ ಅದಕ್ಕಿಂತ ಕೇಡು. ಬಾಗಿಲು ಅರೆ ತೆರೆದಿತ್ತು. ಒಳಗೆ ಮರಿತಾಯಮ್ಮ ಪೆನ್ನು ಹಿಡಿದು, ಸೈನು ಹಾಕದೆ, ಹೊರಗಿನ ಉತ್ತರಕ್ಕೆ ಕಿವಿಗೊಟ್ಟು ಕೂತಿದ್ದಳು.

ತಿಮ್ಮಯ್ಯ ಬ್ಯಾಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಎದೆ ಸೆಟೆಸಿ, ಇಡೀ ಪಡಸಾಲೆಗೆ ಕೇಳುವ ಹಾಗೆ ಹೇಳಿದ:

“ಅಧ್ಯಕ್ಷರ್ದು ಕಣಯ್ಯ.”

ನಗು ನಿಂತಿತು. ಬೆಂಚಿನವರು ಸರಿದು ಅವನಿಗೆ ಕೂರಲು ಜಾಗ ಕೊಟ್ಟರು. ಆ ಮಾತು ಬಾಯಿಂದ ಬಿದ್ದ ಮೇಲೆ ಒಳಗೆ ಹೋಗಿ ತಾನೇ ಅಧ್ಯಕ್ಷ ಎನ್ನುವ ದಾರಿ ಅವನಿಗೆ ಉಳಿದಿರಲಿಲ್ಲ, ಅದು ಅವನಿಗೂ ಗೊತ್ತಾಯಿತು. ಒಳಗೆ ಮರಿತಾಯಮ್ಮ ಸೈನು ಹಾಕಿ ಸೀಲು ಒತ್ತಿದಳು.